ಮೇಲಿನಿಂದ ಮೂರನೆಯದು

ಕೀಂ... ಖರ್ರ್... ಟಣ್ ಟಣ್. ಫೋನ್ ಲೈನಿನಲ್ಲಿ ಇಂಟರ್ನೆಟ್ ಬರುವಾಗ ತಿಪಟೂರಿನ ಸೈಬರ್ ಸೆಂಟರಿನ ಮೊಡೆಮ್ ಹೀಗೆ ಕಿರುಚುತ್ತಿತ್ತು. ಆ ಸದ್ದೂ ಈಗಿಲ್ಲ, ನಮ್ಮ ಎದುರುಮನೆ ಅಕ್ಕನೂ ಇಲ್ಲ. ನನ್ನ ಸಿಟ್ಟು ಮಾತ್ರ ಹಾಗೇ ಇದೆ...

ತೆಂಗಿನ ನಾರಿನಲ್ಲಿ ಕಾಲೊರಸು ಹೆಣೆಯುವ ನಮ್ಮ ಮಹಿಳಾ ಸಂಘವನ್ನು ಕಟ್ಟಿದವಳೇ ಅಕ್ಕ. ಅಕ್ಷರ ಬಾರದು, ಅಂಕಿ ಬರುತ್ತಿತ್ತು. ಸಂಘಕ್ಕೊಂದು ವೆಬ್‌ಸೈಟ್ ಮಾಡಿಸಲು ಅವಳ, ಪ್ರೆಸಿಡೆಂಟಮ್ಮನ ಜೊತೆ ಸ್ಕೂಲ್ ಟೀಚರಾದ ನಾನೂ ಹೋದಾಗ ಸೈಬರ್ ಸೆಂಟರಿನವರು ಎರಡು ಥರದ ಮೆನು ತೋರಿಸಿದರು. ಒಂದರಲ್ಲಿ ಎಲ್ಲವೂ ಎಡಗಡೆ ಸಾಲಾಗಿ, ಸದಾ ಕಣ್ಣೆದುರಿಗೇ. ಇನ್ನೊಂದರಲ್ಲಿ ಮೇಲೆ ನಾಲ್ಕೇ ಹೆಸರು. ಮೌಸ್ ತಾಗಿದರೆ ಪಟ್ಟಿ ಕೆಳಗಿಳಿಯುತ್ತಿತ್ತು, ಕೈ ಕೊಂಚ ಜಾರಿದರೆ ಮಾಯ.

ಅಕ್ಕ ಎಡಗಡೆಯ ಸಾಲಿನಲ್ಲಿ ಮೇಲಿನಿಂದ ಮೂರನೆಯದನ್ನು ಒತ್ತಿದಳು. ಆರ್ಡರ್ ಪುಟ ಬಂತು: ಕಾಲೊರಸಿನ ಚಿತ್ರ, ಪಕ್ಕದಲ್ಲಿ ಎಷ್ಟು ಬೇಕೆಂಬ ಅಂಕಿ.

"ಇದೇ ಇರ್ಲಿ ಕಣ್ರೀ ಮಿಸ್ಸಮ್ಮ. ಯಾರ್ನೂ ಕೇಳ್ದಂಗೆ ನಾನೇ ನೋಡ್ಕಂಡು ಕೆಲ್ಸ ಹಂಚ್ತೀನಿ."

ಇನ್ನೊಂದನ್ನೂ ಮೌಸಿನಲ್ಲಿ ಮುಟ್ಟಿ ನೋಡಿದಳು. ನಾರು ಹೊಸೆದು ಹೊಸೆದು ಬಿರುಸಾದ ಬೆರಳು. ಪಟ್ಟಿ ಮೂರು ಸಲ ಮುಚ್ಚಿಕೊಂಡಿತು. "ಥೂ, ಮುಟ್ಟಿದ್ರೆ ಮುನಿ ಗಿಡ ಕಣ್ರೀ ಇದು!" ಎಂದು ನಕ್ಕಳು.

ಸಂಘದ ಪ್ರೆಸಿಡೆಂಟಮ್ಮ ನಗಲಿಲ್ಲ. "ಎಡಗಡೆಯೆಲ್ಲಾ ಇದೇ ತುಂಬ್ಕಂಡ್ರೆ ನನ್ ಫೋಟೋ ಎಲ್ಲಿ ಹಾಕದು? ಮಿಸ್, ನೀವು ಕಾನ್ವೆಂಟಲ್ಲಿ ಓದಿದೋರು, ನೀವೇ ಹೇಳಿ."

ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಗ್ರಾಮರ್ ಕಲಿಸಿದರು, ಟೇಬಲ್ ಮ್ಯಾನರ್ಸ್ ಕಲಿಸಿದರು. ಪಕ್ಕದಲ್ಲಿ ಕೂತವಳ ಕೈ ನೋಡುವಷ್ಟು ಬುದ್ಧಿ ನನಗೇ ಬರಲಿಲ್ಲ. "ಡ್ರಾಪ್‌ಡೌನ್ ಇಸ್ ಮೋರ್ ಎಲಿಗೆಂಟ್" ಅಂದೆ, ಕೆಳಗಿಳಿಯುವ ಪಟ್ಟಿಯೇ ನಾಜೂಕು ಅಂತ. ಎಲಿಗೆಂಟಂತೆ! ಆ ಪದ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಕೆಳಗಿಳಿಯುವ ಪಟ್ಟಿಯೇ ಗಟ್ಟಿಯಾಯಿತು; ಅದು ಅಕ್ಕನ ಕೈಗೆ ನಿಲ್ಲದೆ, ಆರ್ಡರ್ ನೋಡುವ ಕೆಲಸ ಪ್ರೆಸಿಡೆಂಟಮ್ಮನ ಸೊಸೆಯ ಪಾಲಾಯಿತು. ಬಂದ ಆರ್ಡರೆಲ್ಲ ಅವರ ಕಡೆಯವರಿಗೇ ಹೋದವು. ಅಕ್ಕನ ಜೊತೆಗಾರ್ತಿಯರು ಕೇಳಿದರೆ, "ಏನೂ ಬಂದಿಲ್ಲ." ಹಸಿ ಸುಳ್ಳು! ಆ ಪುಟ ತೆರೆದು ನಾನೇ ನೋಡಿದ್ದೆ. ಆದರೂ ಮೀಟಿಂಗಿನಲ್ಲಿ ಬಾಯಿ ಬಿಡಲಿಲ್ಲ... ಪ್ರೆಸಿಡೆಂಟಮ್ಮನ ಮೇಲಿನ ಸಿಟ್ಟು ಇಳಿದೀತು, ನನ್ನ ಮೇಲಿನದು ಇಳಿಯುವುದಿಲ್ಲ.

ಅಕ್ಕನನ್ನು ಕೊನೆಯ ಸಲ ಕಂಡದ್ದು ಬಸ್ ಸ್ಟ್ಯಾಂಡಿನಲ್ಲಿ. ಸಂಘ ಬಿಟ್ಟು, ಮಾಯಸಂದ್ರದ ತಮ್ಮನ ಮನೆಗೆ ಹೊರಟಿದ್ದಳು.

"ಅಕ್ಕಾ, ಸಾರಿ..." ಅಂದೆ. ಅವಳು ತನ್ನ ಗಂಟು ಎತ್ತಿಕೊಂಡಳು. "ಬಾ, ಬೋರ್ಡ್ ಓದಿ ಬಸ್ ಹತ್ತಿಸ್ತೀನಿ" ಅಂದೆ.

"ಬುಡಿ ಮಿಸ್ಸಮ್ಮ. ಕಂಡಕ್ಟ್ರು ಹೇಳವ್ನೆ. ಆ ಕಡೆಯಿಂದ ಮೂರ್ನೇದು."

ಬೆರಳಲ್ಲಿ ಎಣಿಸುತ್ತ ಹೋದಳು. ಒಂದು, ಎರಡು... ಮೂರನೆಯದಕ್ಕೆ ತಾನೇ ಹತ್ತಿದಳು. ತಿರುಗಿ ನೋಡಲಿಲ್ಲ.