ಅಕ್ಕ ಬಿಗಿದ ನಟ್ಟುಗಳು

ನನ್ನ ಅಕ್ಕ ಬಸ್ ಡಿಪೋದಲ್ಲಿ ಫಿಟ್ಟರ್. ಮನೆಯಲ್ಲಿ ಮಾತಿಗೆ ಮಾತು ಬೆಳೆಸುವವಳು, ಬಸ್ಸಿನ ಕೆಳಗೆ ಹೊಕ್ಕರೆ ಮಾತ್ರ ಗಪ್‌ಚುಪ್. ನನಗೋ ಮೂಗಿನ ತುದಿಯಲ್ಲೇ ಕೋಪ. ಡಿಪೋಗೆ ಟೈರು ಸಾಗಿಸುವ ವ್ಯಾನು ನನ್ನದು. ಹೋದಾಗಲೆಲ್ಲ ಅವಳಿಗಾಗಿ ಕಾಯುವುದು, ಗೊಣಗುವುದು, ಇದೇ ನನ್ನ ಪಾಡು.

"ಒಂದು ನಟ್ಟಿಗೆ ಇಷ್ಟು ಹೊತ್ತೇನೇ ಅಕ್ಕಾ?" ಎಂದು ಒಮ್ಮೆ ರೇಗಿದೆ. ಅವಳು ನನ್ನ ಅಂಗೈಗೆ ಒಂದು ಸ್ಪ್ರಿಂಗ್ ವಾಷರ್ ಹಾಕಿದಳು. ಒಂದು ಕಡೆ ಸೀಳಿದ ಉಕ್ಕಿನ ಉಂಗುರ. ಸೀಳಿನ ಒಂದು ತುದಿ ಮೇಲೆ, ಇನ್ನೊಂದು ಕೆಳಗೆ.

"ನಟ್ಟು ಬಿಗಿದಾಗ ಇದು ಚಪ್ಪಟೆ ಆಗತ್ತೆ. ಆದ್ರೆ ಸುಮ್ನಿರಲ್ಲ ಕಣೋ, ಮೇಲೇಳ್ಬೇಕು ಅಂತ ನಟ್ಟನ್ನ ಒತ್ತುತ್ತಾನೇ ಇರತ್ತೆ. ಬಸ್ಸು ಅದುರಿ ಅದುರಿ ನಟ್ಟು ಬಿಚ್ಚಿಕೊಳ್ಳೋಕೆ ಹೊರಟ್ರೆ, ಈ ಚೂಪು ತುದಿ ಕಚ್ಚಿ ಹಿಡಿಯತ್ತೆ."

ಅಬ್ಬಾ! ಬಸ್ಸಿನ ತುಂಬ ಜನ ನಿದ್ದೆ ಹೊಡೆಯುತ್ತಿರುವಾಗ ಕೆಳಗೆ ಈ ಪುಟ್ಟ ಉಂಗುರ ಒಂದು ಗಳಿಗೆಯೂ ಬಿಡುವಿಲ್ಲದೆ ದುಡಿಯುತ್ತಿರುತ್ತದಲ್ಲ ಎಂದು ನಾನು ಬಾಯಿ ತೆರೆದುಕೊಂಡು ನಿಂತೆ.

ಒಂದು ಬೆಳಿಗ್ಗೆ ಅಕ್ಕ ಬೆಟ್ಟದ ದಾರಿಯ ಬಸ್ಸಿನ ಶಾಫ್ಟು ಜೋಡಿಸಿ ಕಳಿಸಿದ್ದಳು. ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಉದ್ದನೆಯ ಕಬ್ಬಿಣ ಅದು. ಆಗ ಸ್ಟೋರಿನವನು ಟೀ ಹೀರುತ್ತ ಬಂದ.

"ಹೊಸ ಮಾಲು ಬಂದಿಲ್ಲ ಮೇಡಂ. ಹಳೇ ವಾಷರ್‌ಗಳನ್ನೆಲ್ಲ ಕೆಂಪಗೆ ಕಾಯಿಸಿ, ಬಾಯಿ ಬಿಡಿಸಿ ಪೆಟ್ಟಿಗೆಗೆ ಹಾಕಿದ್ದೆ. ಹೊಸದರ ಹಾಗೇ ಇತ್ತಲ್ವಾ?" ಪುಣ್ಯಾತ್ಮ ಶಹಬ್ಬಾಸ್‌ಗಾಗಿ ಕಾದು ನಿಂತ.

ಬೆಟ್ಟದ ಬಸ್ಸಿಗೆ ಅಕ್ಕ ಹಾಕಿದ್ದೂ ಅದೇ ಪೆಟ್ಟಿಗೆಯ ವಾಷರ್‌ಗಳನ್ನೇ. ಅದರಿಂದ ಒಂದನ್ನು ತೆಗೆದು, ಮೇಜಿಗೆ ಬಿಗಿದ ವೈಸ್ ಇಕ್ಕಳಕ್ಕೆ ಕಚ್ಚಿಸಿ ಅಮುಕಿ ಬಿಟ್ಟಳು. ಅದು ಮತ್ತೆ ಮೇಲೇಳಲೇ ಇಲ್ಲ. ಹಾಗೆ ಕಾಯಿಸಿದರೆ ಉಕ್ಕಿನ ಕಸುವು ಹೋಗಿ ಆಕಾರ ಮಾತ್ರ ಉಳಿಯುತ್ತದಂತೆ.

ಚಾಲಕನಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಬೆಟ್ಟದಲ್ಲಿ ಶಾಫ್ಟು ಕಳಚಿ ಬಿದ್ದರೆ ಅಷ್ಟೂ ಜನರ ಗತಿ? ಹೊಸ ಶಾಫ್ಟೊಂದರ ಜೊತೆ ಬಂದಿದ್ದ, ಇನ್ನೂ ಒಡೆಯದ ವಾಷರ್ ಪೊಟ್ಟಣವನ್ನು ಕಿತ್ತುಕೊಂಡು ಅಕ್ಕ ನನ್ನ ವ್ಯಾನು ಹತ್ತಿದಳು.

ದಾರಿಯುದ್ದಕ್ಕೂ ನಾನು ಸ್ಟೋರಿನವನ ಜನ್ಮ ಜಾಲಾಡಿದೆ. "ಒತ್ತಿ ನೋಡದೆ ಹಾಕಿದ್ದು ನಾನು. ನೀನು ರಸ್ತೆ ನೋಡು," ಎಂದಳು ಅಕ್ಕ.

ಪುಣ್ಯಕ್ಕೆ ಬಸ್ಸು ಬೆಟ್ಟದ ಬುಡದಲ್ಲಿ, ಟೀ ಅಂಗಡಿಯ ಮುಂದೆ ನಿಂತಿತ್ತು. ಅಕ್ಕ ಸ್ಪ್ಯಾನರ್ ಹಿಡಿದು ಕೆಳಗೆ ನುಸುಳಿದಳು.

"ಒಂದು ನಟ್ಟು ಬೆರಳಲ್ಲೇ ತಿರುಗ್ತಿದೆ ಕಣೋ," ಎಂದಿತು ಒಳಗಿಂದ ಧ್ವನಿ.

ಒಂದೂ ಬಿಡದೆ ಎಲ್ಲ ವಾಷರ್ ಬದಲಿಸಿ ಅವಳು ಎದ್ದು ಬಂದಾಗ ಮೈಯೆಲ್ಲ ಗ್ರೀಸು. ಪ್ರಯಾಣಿಕನೊಬ್ಬ ಗಡಿಯಾರ ತೋರಿಸಿ ಹಾರಾಡಿದ: "ಏನ್ರೀ, ನಿಮ್ಮಿಂದ ನಮಗೆಲ್ಲ ಲೇಟು!"

ನಾನು ತೋಳೇರಿಸಿದೆ. ಅಕ್ಕ ನನ್ನನ್ನು ಹಿಂದಕ್ಕೆ ತಳ್ಳಿ, "ಹೌದು ಸಾರ್, ನನ್ನಿಂದಲೇ. ತಪ್ಪಾಯ್ತು," ಎಂದಳು.

ನಾನು ವ್ಯಾನಿನ ಬಾಗಿಲು ತೆರೆದೆ. "ಬಾ, ಮುಗೀತಲ್ಲ."

"ನೀನು ಹೋಗು. ನಾನು ಬೆಟ್ಟ ಹತ್ತಿ ಇಳಿದು ಬರ್ತೀನಿ," ಎಂದು ಅವಳು ಬಸ್ಸು ಹತ್ತಿಯೇಬಿಟ್ಟಳು. ಹೋಗಿ ಕೂತದ್ದು ಆ ಶಾಫ್ಟಿನ ಜೋಡಣೆಯ ನೇರ ಮೇಲಿನ ಸೀಟಿನಲ್ಲಿ, ಬೈದವನ ಪಕ್ಕದಲ್ಲೇ. ಬಸ್ಸು ಮೊದಲ ತಿರುವು ಏರುವಾಗ ಕಿಟಕಿಯಲ್ಲಿ ಕಂಡಳು, ಕಣ್ಣು ಮುಚ್ಚಿ ಕಾಲ ಕೆಳಗಿನ ಸದ್ದು ಕೇಳುತ್ತಿದ್ದಳು.