ಸುಣ್ಣಕ್ಕೆ ಬಿದ್ದ ಕುರಿತೊಗಲು

ಊರಿನವರೆಲ್ಲ ಮಳೆ ಬಂತೆಂದು ನಕ್ಕರೆ ನಮ್ಮ ಮನೆಯಲ್ಲಿ ಮುಖ ಸಿಂಡರಿಸುತ್ತಿದ್ದೆವು. ನಾವು ಚಪ್ಪಲಿ ಮಾಡುವವರು. ತೊಗಲಿನ ಚಪ್ಪಲಿ ನೀರು ಕುಡಿದರೆ ನೆನೆದ ಹಪ್ಪಳದಂತಾಗುತ್ತದೆ. ಮಿರಗದ, ಎಂದರೆ ಮೃಗಶಿರೆಯ, ಮಳೆ ಶುರುವಾಯಿತೆಂದರೆ ಕೊಳ್ಳುವವರು ಈ ಕಡೆ ತಲೆ ಹಾಕುತ್ತಿರಲಿಲ್ಲ. ಮಾಡುವವರು ನಾವು, ಚಪ್ಪಲಿಗೆ ಹೆಸರು ಮಾತ್ರ ಕೊಲ್ಲಾಪುರದ್ದು ಎಂಬ ಸಿಟ್ಟು ಬೇರೆ. ಅದಿರಲಿ, ಅದನ್ನು ಹೇಳುತ್ತ ಕೂತರೆ ಈ ಕಥೆ ಮುಗಿಯುವುದಿಲ್ಲ.

ನಾನು ಕೃಷ್ಣಾ ದಂಡೆಯ ಸತ್ತಿಯ ಹುಡುಗಿ. ಎಂಬತ್ತರ ದಶಕದಲ್ಲಿ ಮದುವೆಯಾಗಿ ಕಬ್ಬೂರಿನ ಹತ್ತಿರದ ಹಳ್ಳಿಗೆ ಬಂದೆ. ಮನೆಯಲ್ಲಿ ಅತ್ತೆ, ನಮ್ಮವರು, ನಾನು, ಇಷ್ಟೇ ಜನ. ಮಾವ ತೀರಿಹೋಗಿದ್ದರು. ತೊಗಲನ್ನು ಸುಣ್ಣದ ಗುಂಡಿಯಲ್ಲಿ ನೆನೆಸಿ, ಕೂದಲು ಕೆರೆದು, ತೊಗಟೆ ನೀರಿನಲ್ಲಿಟ್ಟು ಹದ ಮಾಡುವುದು ಅತ್ತೆಯ ಕೆಲಸ. ಅದನ್ನು ರಂಪಿಗೆಯಿಂದ, ಎಂದರೆ ನಮ್ಮ ಕಸುಬಿನ ಅಗಲ ಬಾಯಿಯ ಚೂರಿಯಿಂದ, ಕತ್ತರಿಸುವುದು ನಮ್ಮವರದು. ಪಟ್ಟಿ ಹೆಣೆಯುವುದು ನನ್ನದು. ಅತ್ತೆ ಮಾತಿಗೆ ಬಲು ಖಾರ. ನಾನೂ ಸಪ್ಪೆಯೇನಲ್ಲ. ನಡುವೆ ನಮ್ಮವರಿದ್ದರು ಎಂಬ ಕಾರಣಕ್ಕೆ ಮನೆ ನಿಂತಿತ್ತು.

ಅಂಥವರು ಒಂದು ಮಳೆಗಾಲದಲ್ಲಿ ಇಚಲಕರಂಜಿಗೆ ಹೋಗುತ್ತೇನೆಂದು ಕೂತರು.

"ಅಲ್ಲಿ ಮಗ್ಗದ ಕೆಲಸ ಐತಿ. ಮಗ್ಗಕ್ಕ ಮಳಿ ಇಲ್ಲ, ಬಿಸಲಿಲ್ಲ. ನಾಕು ಮಂದಿ ಕೂಡಿ ಒಂದ ಖೋಲಿಯಾಗ ಇರತೀವಿ. ಹಬ್ಬಕ್ಕ ಬಂದ ಹೋಗತೀನಿ."

"ನನ್ನ ಯಾರ ಕಡೆ ಬಿಟ್ಟ ಹೋಗತೀರಿ?" ಎಂದೆ.

"ಅವ್ವ ಅದಾಳಲ್ಲ."

ಅದೇ ನನ್ನ ಹೆದರಿಕೆ ಎಂದು ಅವರಿಗೆ ಹೇಗೆ ಹೇಳಲಿ! ಗಂಡನಿಲ್ಲದ ಮನೆಯಲ್ಲಿ ಆ ಮುದುಕಿಯೂ ನಾನೂ ಎದುರುಬದುರು ಕೂತು ವರ್ಷ ಕಳೆಯುವುದನ್ನು ನೆನೆದರೆ ತವರಿಗೆ ಓಡಿಹೋಗಬೇಕೆನಿಸುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ನಮ್ಮವರು ಕಣ್ಣಮುಂದೆ ಇರಬೇಕೆಂಬ ಆಸೆ ನನಗೆ. ಮದುವೆಯಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಅತ್ತೆಯಾದರೂ ತಡೆಯಬಹುದೆಂದು ನೋಡಿದೆ. ಅವಳು ಎಲೆ ಅಡಿಕೆ ಜಗಿಯುತ್ತ, "ಹೋದ್ರ ಹೋಗಲಿ. ಗಂಡಸಿನ ಕಾಲಿಗೆ ಹಗ್ಗ ಕಟ್ಟಾಕ ಬರತೈತೇನು?" ಅಂದಳು. ಎಂಥ ಕಲ್ಲೆದೆ ಇವಳದು ಅನಿಸಿತು.

ಶ್ರಾವಣದಲ್ಲಿ ನಿಪ್ಪಾಣಿಯ ಲಾರಿ ಮಾಲೀಕನೊಬ್ಬ ಮನೆಗೆ ಬಂದ. ತಂಬಾಕು ಹೇರಿಕೊಂಡು ದಿಲ್ಲಿಯ ಆಚೆತನಕ ಹೋಗುವ ಲಾರಿಗಳು ಅವನವು. ಪ್ರತಿ ವರ್ಷ ನಮ್ಮ ಕಡೆ ಚಪ್ಪಲಿ ಕೊಳ್ಳುತ್ತಿದ್ದ. ಆ ದಿನ ಚೀಲದಿಂದ ಒಂದು ಟೋಪಿ ತೆಗೆದು ನಮ್ಮವರ ಕೈಗಿಟ್ಟ. ಹೊರಗೆ ತೊಗಲು, ಒಳಗೆ ಕುರಿಯ ಉಣ್ಣೆ, ಎರಡೂ ಕಿವಿಯ ಮೇಲೆ ಇಳಿಬೀಳುವ ಪಟ್ಟಿ. ಚಳಿಗಾಲದಲ್ಲಿ ಆ ಕಡೆ ಗಾಡಿ ಹೊಡೆಯುವ ಡ್ರೈವರುಗಳಿಗೆ ಕಿವಿ ಸೆಟೆದು ಹೋಗುತ್ತವಂತೆ.

"ಇಂಥಾವು ಮಾಡಿ ಕೊಡ್ತೀಯಾ ದೋಸ್ತಾ? ದೀಪಾವಳಿಗೆ ಬೇಕು. ಚಲೋ ಆದ್ರ ವರ್ಷಾ ನಿನಗ ಹೇಳ್ತೀನಿ. ನನ್ನ ಕಡೆ ಅಷ್ಟs ಅಲ್ಲ, ನಿಪ್ಪಾಣಿ ಗಾಡಿಯವರೆಲ್ಲ ಕೇಳಾಕತ್ತಾರ."

ನಮ್ಮವರು ಟೋಪಿಯನ್ನು ಒಳಗೆ ಹೊರಗೆ ಮಾಡಿ, ಮೂಸಿ, ಹೊಲಿಗೆ ಎಳೆದು ನೋಡಿ, ಹೂಂ ಅಂದುಬಿಟ್ಟರು. ಚಳಿಗಾಲದ ಟೋಪಿಯನ್ನು ಹೊಲಿಯಬೇಕಾದದ್ದು ಮಳೆಗಾಲದಲ್ಲಿ, ಎಂದರೆ ನಮ್ಮ ಕೈ ಖಾಲಿ ಇರುವಾಗ! ಲಾರಿ ಮಾಲೀಕ ಹೋದ ಮೇಲೆ ನಮ್ಮವರು ನನ್ನ ಕಡೆ ತಿರುಗಿ, "ಇದ ಸಾಧಿಸಿತು ಅಂದ್ರ ನಾ ಎಲ್ಲಿಗೂ ಹೋಗಂಗಿಲ್ಲ. ಇಲ್ಲಂದ್ರ ದೀಪಾವಳಿ ಮುಗದ ಮ್ಯಾಲ ಹೊಂಟೆ," ಅಂದರು. ಅವತ್ತಿನಿಂದ ಆ ಟೋಪಿ ನನಗೆ ಮನೆದೇವರ ಸಮಾನ.

ಅತ್ತೆ ಮಾತ್ರ ಮೂಗು ಮುರಿದಳು. "ಕಾಲಾಗ ಮೆಟ್ಟೋ ತೊಗಲಾ ತಲಿಮ್ಯಾಲ ಇಟಗೊಳ್ಳೋದಂದ್ರ ಏನು? ಅಂವಗ ಬುದ್ಧಿ ಇಲ್ಲ, ನಿಮಗೂ ಇಲ್ಲ." ವಾರ ಪೂರ್ತಿ ಇದೇ ಮಾತು. ಕೊನೆಗೆ ತಾನೇ ಒಂದು ದಾರಿ ಹುಡುಕಿದಳು. ಚಿಕ್ಕೋಡಿ ಸಂತೆಯಿಂದ ಹೊಸ ರಂಪಿಗೆ ತರಿಸಿ, ಅರಿಶಿನ ಕುಂಕುಮ ಹಚ್ಚಿ, "ಚಪ್ಪಲಿ ಕೊಯ್ದ ರಂಪಿಗಿ ಟೋಪಿಗಿ ಮುಟ್ಟಸಬ್ಯಾಡ್ರಿ. ತಲೀದು ಬ್ಯಾರೆ, ಕಾಲಿಂದು ಬ್ಯಾರೆ," ಎಂದು ಕಟ್ಟಪ್ಪಣೆ ಮಾಡಿದಳು. ಟೋಪಿ ಕತ್ತರಿಸುವ ಚಾಪೆಯನ್ನೂ ಬೇರೆ ಮಾಡಿದಳು. ನಮ್ಮ ಓಣಿಯಲ್ಲಿ ಇನ್ನಾರಿಗೂ ಹೊಳೆಯದ ಮಡಿ ಅದು.

ಮಳೆ ಇಳಿಮುಖವಾದಾಗ ಮಾಲೀಕ ಉಪ್ಪು ಹಚ್ಚಿದ ಕುರಿತೊಗಲುಗಳನ್ನು ಕಳಿಸಿದ. ಉಪ್ಪು ಬಿಡಲೆಂದು ಅವನ್ನು ನೀರಿನ ತೊಟ್ಟಿಗೆ ಹಾಕಿ, ನಾನೂ ನಮ್ಮವರೂ ದಾರ, ಲಾಡಿ ತರಲು ನಿಪ್ಪಾಣಿಗೆ ಹೋದೆವು. ಅಲ್ಲಿ ಬೀಡಿ ಕಟ್ಟುವ ನನ್ನ ಚಿಕ್ಕಮ್ಮ ಬಿಡಲಿಲ್ಲ. ಉಳಿಸಿಕೊಂಡು ಹೋಳಿಗೆ ಉಣ್ಣಿಸಿದಳು. ಒಂದು ದಿನದ ಮಾತು ಮೂರು ದಿನವಾಯಿತು.

ತಿರುಗಿ ಬಂದು ನೋಡಿದರೆ ಅಂಗಳದಲ್ಲಿ ಅತ್ತೆ ಕೂತಿದ್ದಾಳೆ. ಮುಂದೆ ಮರದ ದಿಮ್ಮಿ, ದಿಮ್ಮಿಯ ಮೇಲೆ ಕುರಿತೊಗಲು, ಕೈಯಲ್ಲಿ ಮೊಂಡು ಚೂರಿ. ಪಕ್ಕದಲ್ಲಿ ಒದ್ದೆ ಉಣ್ಣೆಯ ಗುಡ್ಡೆ. ನಮ್ಮನ್ನು ಕಂಡು ಮುಖ ಅರಳಿತು.

"ಬರ್ರಿ ಬರ್ರಿ. ನೋಡ, ಎಷ್ಟ ಚಲೋ ಬಿಟ್ಟೈತಿ! ಹಿಂಗ ಎಳದ್ರ ಹಂಗ ಬರಾಕತ್ತೈತಿ."

ನಮ್ಮವರು ತಂದ ಗಂಟನ್ನು ಕೈಬಿಟ್ಟು ಕಟ್ಟೆಯ ಮೇಲೆ ಕುಸಿದು ಕೂತರು. ನೆನೆದ ತೊಗಲು ಕಂಡರೆ ಅದನ್ನೆತ್ತಿ ಸುಣ್ಣದ ಗುಂಡಿಗೆ ಹಾಕುವುದು ಅತ್ತೆಯ ಕೈಗೆ ಬಂದ ರೂಢಿ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಹಾಗೆ. ಜೀವನವಿಡೀ ಕೂದಲು ತೆಗೆಯುವುದನ್ನೇ ಕಲಿತವರಿಗೆ ಕೂದಲು ಉಳಿಸುವ ಕೆಲಸ ಕೊಟ್ಟಿದ್ದ ಆ ಮಾಲೀಕ. ಅತ್ತೆ ನಮ್ಮ ಮುಖ ನೋಡಿದಳು, ಉಣ್ಣೆಯ ಗುಡ್ಡೆ ನೋಡಿದಳು, ಆಮೇಲೆ ತನ್ನ ಕೈ ನೋಡಿಕೊಂಡಳು. ಚೂರಿ ಅಲ್ಲಿಯೇ ನಿಂತಿತು.

ನನಗೆ ಮೈಮೇಲೆ ಎಚ್ಚರವಿರಲಿಲ್ಲ. "ಬೇಕಂತನs ಮಾಡೀರಿ ನೀವು! ಮಗಾ ಹೋಗಲಿ ಅಂತ ಮಾಡೀರಿ. ತಲೀದು ಬ್ಯಾರೆ ಕಾಲಿಂದು ಬ್ಯಾರೆ ಅಂತ ಮಡಿ ಮಾಡಿದವರಿಗೆ ಇದಷ್ಟ ನೆನಪ ಉಳೀಲಿಲ್ಲೇನ್ರಿ?" ಎಂದು ಒದರಿದೆ. ಓಣಿಯವರು ಬಾಗಿಲಿಗೆ ಬಂದು ನಿಂತರು. ಒಂದಕ್ಕೆ ಹತ್ತು ಅನ್ನುವ ಅತ್ತೆ ಅವತ್ತು ತಲೆ ಬಗ್ಗಿಸಿ ಉಣ್ಣೆಯನ್ನು ಒಟ್ಟುಮಾಡತೊಡಗಿದಳು. ನಮ್ಮವರೇ ಎದ್ದು, "ಸಾಕ ಮಾಡ. ಹೋಗೂದು ನನ್ನ ಹಣೇಬಾರದಾಗ ಬರದೈತಿ," ಅಂದರು. ಆ ಮಾತು ಕೇಳಿ ನನ್ನ ಕೋಪವೆಲ್ಲ ಅಳುವಾಯಿತು.

ಮರುದಿನ ಬೆಳಗ್ಗೆ ಏಳುವಷ್ಟರಲ್ಲಿ ಅತ್ತೆ ಮನೆಯಲ್ಲಿರಲಿಲ್ಲ. ಬಾವಿಯ ಕಡೆ ಓಡಿಹೋಗಿ ನೋಡಿ ಬಂದೆ. ನೆರೆಮನೆಯವಳು, "ಕುರಿ ಹಟ್ಟಿ ಕಡೆ ಹೋಗೋದ ಕಂಡ್ನೆವಾ," ಅಂದಳು. ಆಗ ಕುರುಬರು ಕುರಿಗಳನ್ನು ರೈತರ ಹೊಲಗಳಲ್ಲಿ ತರುಬಿ ಗೊಬ್ಬರ ಹಾಕಿಸುತ್ತಿದ್ದರು. ಊರಿಂದ ಸಾಕಷ್ಟು ದೂರದ ಹೊಲವೊಂದರಲ್ಲಿ ಅವರ ಹಟ್ಟಿ ಇತ್ತು. ನಮ್ಮ ಅತ್ತೆ ಯಾರ ಮನೆಗೂ ಹೋಗಿ ಒಂದು ಹಿಡಿ ಉಪ್ಪು ಕೇಳಿದವಳಲ್ಲ. ಅಂಥವಳು ಎದ್ದು ನಡೆದಿದ್ದಳು.

ಹೊತ್ತು ಇಳಿಯುವಾಗ ತಲೆಯ ಮೇಲೆ ತೊಗಲಿನ ಹೊರೆ ಹೊತ್ತು ಬಂದಳು. ಹೊರೆ ಇಳಿಸಲು ಕೈ ಕೊಟ್ಟೆ. ನನ್ನ ಮುಖ ನೋಡದೆ ಹೇಳತೊಡಗಿದಳು:

"ಹಟ್ಟಿ ಮಂದಿ ಕಾಲ ಅಳತಿ ತಂದೀನಿ. ಎಲ್ಲಾರಿಗೂ ಚಪ್ಪಲಿ ಮಾಡಿ ಕೊಡಬೇಕು. ಅದರ ಬದಲಿ ಇವು. ಹಸಿ ಮಗ್ಗಲಿನ ಮಾಂಸ ಕೆರದು ಉಪ್ಪು, ಪಟಿಕ ಹಚ್ಚಬೇಕು. ಆಮ್ಯಾಲ ಹುಳಿ ಮಜ್ಜಿಗಿ ಸವರಿ, ನೆರಳಾಗ ಒಣಗಿಸಿ, ಕೈಲೆ ತಿಕ್ಕಿ ತಿಕ್ಕಿ ಮೆತ್ತಗ ಮಾಡಬೇಕು. ಹಟ್ಟ್ಯಾಗಿನ ಮುದುಕಿ ಹೇಳ್ಯಾಳ. ಸುಣ್ಣದ ಮಗ್ಗಲಕ್ಕೂ ಒಯ್ಯಬ್ಯಾಡ ಅಂದ್ಲು."

ಕೊನೆಯ ಮಾತಿಗೆ ನಮ್ಮವರಿಗೆ ನಗು ಬಂತು. ಎರಡು ದಿನದಲ್ಲಿ ಅವರು ನಕ್ಕದ್ದು ಅದೇ ಮೊದಲು. ಅತ್ತೆ ನಗಲಿಲ್ಲ. ಹೋಗಿ ಸುಣ್ಣದ ಗುಂಡಿಯ ಮೇಲೆ ಹಳೆಯ ಬಾಗಿಲೊಂದನ್ನು ಮುಚ್ಚಿ, ಅದರ ಮೇಲೆ ಒಳಕಲ್ಲಿನ ಗುಂಡು ಹೇರಿ ಬಂದಳು.

ಮುಂದಿನ ದಿನಗಳಲ್ಲಿ ನಮ್ಮ ಮನೆ ಹುಳಿ ಮಜ್ಜಿಗೆಯ ಗಡಿಗೆಯಂತೆ ನಾರುತ್ತಿತ್ತು. ಓಣಿಯ ನಾಯಿಗಳೆಲ್ಲ ನಮ್ಮ ಅಂಗಳದಲ್ಲೇ ಠಿಕಾಣಿ ಹೂಡಿದವು. ನಾನು ಎದ್ದ ಕೂಡಲೇ ಮಾಡುತ್ತಿದ್ದ ಕೆಲಸವೆಂದರೆ ಪ್ರತಿ ತೊಗಲಿನ ಉಣ್ಣೆಯನ್ನು ಹಿಡಿದು ಎಳೆಯುವುದು. ಬರದಿದ್ದರೆ ಅವತ್ತಿನ ಮಟ್ಟಿಗೆ ಉಸಿರು. ಒಂದು ಮುಂಜಾನೆ ನೋಡುತ್ತೇನೆ, ನನಗಿಂತ ಮೊದಲೇ ಅತ್ತೆ ಅಲ್ಲಿ ನಿಂತು ಎಳೆದು ನೋಡುತ್ತಿದ್ದಳು. ನಾನು ಒಲೆ ಹಚ್ಚಲು ಹೋದೆ.

ತೊಗಲು ಮೆತ್ತಗಾಯಿತು, ಇನ್ನು ಹೊಲಿಗೆ. ನಮ್ಮಲ್ಲಿ ಕಾಲಿನ ಅಚ್ಚುಗಳು ಬೇಕಾದಷ್ಟು, ತಲೆಯದು ಒಂದೂ ಇಲ್ಲ. ಹಿಟ್ಟಿನ ಗಡಿಗೆಯನ್ನು ಬೋರಲು ಹಾಕಿ ಅದರ ಮೇಲೆ ಟೋಪಿ ಕೂರಿಸಿದರು ನಮ್ಮವರು. ಮೊದಲನೆಯದು ಅವರ ಗಲ್ಲದ ತನಕ ಇಳಿಯಿತು, ಮೂಗು ಕೂಡ ಕಾಣಲಿಲ್ಲ. "ಡ್ರೈವರಗ ರಸ್ತೆ ಕಾಣಬ್ಯಾಡೇನ್ರಿ?" ಎಂದು ನಾನು ನಕ್ಕೆ. ಎರಡನೆಯದು ಗಡಿಗೆಗೆ ಸರಿಯಾಯಿತು, ತಲೆಗೆ ಆಗಲಿಲ್ಲ. ಕಡೆಗೆ ನನ್ನನ್ನೇ ಕೂರಿಸಿ ತಲೆಗೆ ದಾರ ಸುತ್ತಿ ಅಳೆದರು. ಓಣಿಯವರು ಹಾದುಹೋಗುವಾಗ, "ಏನಪಾ, ನಿಪ್ಪಾಣಿ ಮಂದಿಗೆ ಟೋಪಿ ಹಾಕಾಕತ್ತಿ ಅಂತ?" ಎಂದು ಚಾಷ್ಟಿ ಮಾಡುತ್ತಿದ್ದರು. ಮಾಡಿಕೊಳ್ಳಲಿ. ನಮ್ಮವರ ರಂಪಿಗೆ ಓಡುತ್ತಿತ್ತು, ಅದು ಸಾಕಿತ್ತು ನನಗೆ. ಕಿವಿಪಟ್ಟಿಯ ಅಂಚಿಗೆ ನಾನು ಚಪ್ಪಲಿಗೆ ಹೆಣೆಯುವಂಥದೇ ಸಣ್ಣ ಜಡೆ ಹೆಣೆದು ಹಚ್ಚಿದೆ.

ದೀಪಾವಳಿಗೆ ಮುಂಚೆ ಲಾರಿ ಮಾಲೀಕ ಬಂದ. ರಣಗುಡುವ ಮಧ್ಯಾಹ್ನ. ಅಂಥ ಬಿಸಿಲಲ್ಲಿ ಟೋಪಿ ಹಾಕಿಕೊಂಡು, ಕಿವಿಪಟ್ಟಿ ಇಳಿಸಿ, ಗಲ್ಲದ ಕೆಳಗೆ ಲಾಡಿ ಕಟ್ಟಿ ನಿಂತ. ಬೆವರು ಧಾರೆಯಾಗಿ ಇಳಿಯಿತು. ಆಮೇಲೆ ಟೋಪಿ ತೆಗೆದು ಒಳಗಿನ ಉಣ್ಣೆಯನ್ನು ಎರಡು ಬೆರಳಲ್ಲಿ ಹಿಡಿದ. ನಾನು ಬಾಗಿಲ ಹಿಂದೆ ನಿಂತಿದ್ದೆ. ನಮ್ಮವರು ನೆಲ ನೋಡುತ್ತಿದ್ದರು. ಅವನು ಎಳೆದ. ಬರಲಿಲ್ಲ.

"ಇನ್ನೂ ಜೋರ ಎಳೀರಿ," ಅಂದಳು ಅತ್ತೆ.

ಅವನು ಹಲ್ಲು ಕಚ್ಚಿ ಎಳೆದ. ಒಂದು ಎಳೆ ಕೂಡ ಬರಲಿಲ್ಲ.

"ಅರೇ ವಾ, ಮಾವಶಿ! ಏಕದಮ್ ಪಕ್ಕಾ!" ಎಂದು ಅತ್ತೆಯ ಕಡೆ ತಿರುಗಿ ನಕ್ಕ. ತಾನು ಕಳಿಸಿದ ತೊಗಲಿನ ಗತಿಯನ್ನು ನಮ್ಮವರು ಹೇಳಿದಾಗ ಹೊಟ್ಟೆ ಹಿಡಿದುಕೊಂಡು ಇನ್ನಷ್ಟು ನಕ್ಕ. "ಹೋಗಲಿ ಬಿಡ್ರಿ. ಚಳಿ ಮುಗಿಯೂತನಕ ಹೊಲಕೋತ ಇರ್ರಿ, ನಾ ಒಯ್ಯಾಕತ್ತಿರತೀನಿ. ಮುಂದಿನ ಮಳಿಗಾಲಕ್ಕ ಈಗs ಹೇಳಿದೆ ನೋಡ್ರಿ," ಎಂದು ಟೋಪಿಗಳನ್ನು ಹೇರಿಕೊಂಡು ಹೋದ. ನನಗೆ ಹೋದ ಜೀವ ಬಂದ ಹಾಗಾಯಿತು. ಒಳಗೆ ಹೋಗಿ ಒಂದು ತಂಬಿಗೆ ನೀರನ್ನು ಗಟಗಟ ಕುಡಿದೆ.

ಆದರೂ ಹಬ್ಬ ಮುಗಿಯುವವರೆಗೆ ಒಂದು ಅಳುಕು ಉಳಿದೇ ಇತ್ತು. ಪಾಡ್ಯ ಕಳೆದ ಮೇಲೆ ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕಿದ್ದ ಪಕ್ಕದ ಓಣಿಯವನು ಚೀಲ ಹೆಗಲಿಗೇರಿಸಿಕೊಂಡು ಬಂದು ಅಂಗಳದಲ್ಲಿ ನಿಂತ. "ಏಳಪಾ, ಗಾಡಿ ಹೊತ್ತಾತು. ನಿನ್ನ ಸಲುವಾಗಿ ಜಾಗಾ ಹಿಡದೀನಿ," ಅಂದ. ನಮ್ಮವರು ಚಾಪೆಯ ಮೇಲೆ ಕೂತು ಕಿವಿಪಟ್ಟಿ ಕತ್ತರಿಸುತ್ತಿದ್ದರು. ತಲೆ ಎತ್ತದೆಯೇ, "ನಾ ಬರಂಗಿಲ್ಲೋ. ಇಲ್ಲೇ ಕೆಲಸ ಐತಿ. ಚಾ ಕುಡದ ಹೋಗ," ಅಂದರು.

ಚಹಾ ಕೊಟ್ಟೆ. ಅವನು ಕುಡಿದು ಹೋದ. ಅತ್ತೆ ಅಲ್ಲಿಂದ ಎದ್ದು ಹಿತ್ತಲಿಗೆ ಹೋದದ್ದನ್ನು ನೋಡಿ, ಬಟ್ಟಲು ತೊಳೆಯುವ ನೆವದಲ್ಲಿ ನಾನೂ ಹೋದೆ. ಗೋಡೆಗೆ ಒರಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ನನಗೆ ಎಷ್ಟು ಹಗುರವಾಗಿತ್ತೆಂದರೆ, ಆಗಲೂ ಬಾಯಿ ಸುಮ್ಮನಿರಲಿಲ್ಲ.

"ಯಾಕ್ರಿ ಅತ್ತಿ, ಹೋದ್ರ ಹೋಗಲಿ ಅಂತಿದ್ರಿ?"

ಮೂಗು ಒರೆಸಿಕೊಂಡು ನನ್ನನ್ನು ನೇರವಾಗಿ ನೋಡಿದಳು. ಸುಣ್ಣದ ದಿನದಿಂದ ಈಚೆಗೆ ಹಾಗೆ ನೋಡಿರಲಿಲ್ಲ.

"ಅನ್ನಾಕೇನ ಬೇ, ಬಾಯಿ ಐತಿ, ಅಂದೆ. ಅಂವಾ ಹೋಗಿದ್ರ ಊರ ಮಂದಿ ಹೊಟ್ಟಿಪಾಡಿಗೆ ಹೋದ ಅಂತಿದ್ರು. ನೀ ಮಾತ್ರ ಅತ್ತಿ ಕಳಿಸಿದ್ಲು ಅಂತಿದ್ದಿ. ಸಾಯೂತನಕ ಈ ಮನ್ಯಾಗ ನಿನ್ನ ಮಾರಿ ನೋಡಕೋತ ನಾ ಹ್ಯಾಂಗ ಇರಬೇಕಿತ್ತು?"

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವರು ಹೋಗಿದ್ದರೆ ಹಾಗೆಯೇ ಅನ್ನುತ್ತಿದ್ದೆ ನಾನು, ದಿನಾ ಅನ್ನುತ್ತಿದ್ದೆ. ಬಟ್ಟಲು ಕೆಳಗಿಟ್ಟು ಅವಳ ಪಕ್ಕದಲ್ಲಿ ಕೂತೆ.