ಸಿತ್ತಾನಾಳ ಹಂಡೆ, ಇಖ್ಲಾಸಳ ಕೈರುಚಿ

ಖಾರ್ಟೂಮಿನಲ್ಲಿ ಯುದ್ಧ ಶುರುವಾದ ಮೇಲೆ ಗದಾರಿಫ್‌ನ ನಮ್ಮ ಓಣಿಯ ಹೆಣ್ಣುಮಕ್ಕಳ ಶಾಲೆ ನೆಲೆ ತಪ್ಪಿದವರಿಂದ ತುಂಬಿಹೋಯಿತು. ಅಂಗಳದ ಬೇವಿನ ಮರದಡಿ ಮೊದಲು ಒಲೆ ಹೂಡಿದವಳು ನನ್ನ ಪಕ್ಕದ ಮನೆಯ ಸಿತ್ತಾನಾ. ಮನೆಯ ಹಂಡೆಯನ್ನು ತಾನೇ ಹೊತ್ತು ತಂದಳು. ಅವಳು ಬೇಳೆ, ಜೋಳದ ಮುದ್ದೆ ಬಡಿಸುವಾಗ ಮುದುಕಿಯರು ತಲೆ ಮುಟ್ಟಿ ಹರಸುತ್ತಿದ್ದರು. ಮಕ್ಕಳಿಲ್ಲದ ಅವಳನ್ನು ಇಡೀ ಶಾಲೆ ‘ಅಮ್ಮ’ ಎಂದಿತು. ಅವಳ ನಡಿಗೆಯೇ ಬದಲಾಗಿತ್ತು.

ಚಳಿಗಾಲದಲ್ಲಿ ಮದನಿ ಪಟ್ಟಣವೂ ಸೈನ್ಯದ ಕೈತಪ್ಪಿತು. ಅಲ್ಲಿನ ಬಸ್ ನಿಲ್ದಾಣದ ಬಳಿ ಊಟದಂಗಡಿ ಇಟ್ಟಿದ್ದ ಇಖ್ಲಾಸ್ ಇಬ್ಬರು ಹೆಣ್ಣುಮಕ್ಕಳೊಂದಿಗೆ ಬಂದಿಳಿದಳು.

“ಖಾಲ್ತಿ,” ಎಂದಳು, ಸಿತ್ತಾನಾಳನ್ನು ಚಿಕ್ಕಮ್ಮನ ವರಸೆಯಲ್ಲಿ ಕರೆದು. “ಕೂತು ಉಣ್ಣೋದು ನನ್ನ ಕೈಲಾಗಲ್ಲ. ಏನಾದ್ರೂ ಕೆಲಸ ಕೊಡಿ.”

“ಈರುಳ್ಳಿ ಹೆಚ್ಚು ಹೋಗು,” ಎಂದಳು ಸಿತ್ತಾನಾ.

ಒಮ್ಮೆ ಸಿತ್ತಾನಾಳಿಗೆ ಜ್ವರ ಬಂತು. ಇಖ್ಲಾಸ್ ಸೌಟು ಹಿಡಿದಳು. ಒಣ ಬೆಂಡೆಪುಡಿ ಹಾಕಿ ಸಾರು ಮಾಡಿದಳು. ಜನ ಬಟ್ಟಲು ನೆಕ್ಕಿದರು. ಜ್ವರ ಬಿಟ್ಟು ಸಿತ್ತಾನಾ ಮರಳಿದಾಗ ಸಾಲಿನಲ್ಲಿದ್ದ ಮುದುಕ ಅಬ್ಕರ್ ಇಣುಕಿ ನೋಡಿದ.

“ಇವತ್ತು ಅಡುಗೆ ಯಾರದಮ್ಮಾ? ನಿಂದಾ? ಹಾಗಾದ್ರೆ ಅರ್ಧ ಸೌಟು ಸಾಕು.”

ಎಲ್ಲರೂ ನಕ್ಕರು. ಸಿತ್ತಾನಾಳ ಹೊಟ್ಟೆಗೆ ಬೆಂಕಿ ಬಿತ್ತು.

“ಇಷ್ಟು ದಿನ ನನ್ನ ಬೇಳೇಲಿ ಹುಳ ಬಿದ್ದಿತ್ತಾ?” ಎಂದು ನನ್ನೆದುರು ಕೂಗಾಡಿದಳು. “ಜಾಗ ಕೊಟ್ಟೋಳು ನಾನು, ಹೊಗಳಿಕೆ ಅವಳಿಗಾ?”

ಮರುದಿನವೇ ಶಿಬಿರ ನೋಡಿಕೊಳ್ಳುತ್ತಿದ್ದ ಮೇಷ್ಟ್ರು ತಿಜಾನಿಯ ಬಳಿ ಹೋದಳು. “ಇಖ್ಲಾಸಳದು ವಯಸ್ಸಿಗೆ ಬಂದ ಹೆಣ್ಣುಮಕ್ಕಳು, ಮೇಷ್ಟ್ರೇ. ಇಲ್ಲಿ ಪಾಯಿಖಾನೆಗೂ ಬಾಗಿಲಿಲ್ಲ. ಧಾನ್ಯಮಾರುಕಟ್ಟೆ ಹತ್ರದ ಶಿಬಿರಕ್ಕೆ ಕಳಿಸಿಬಿಡಿ, ಪಾಪ.”

ಮೇಷ್ಟ್ರು ಒಪ್ಪಿದರು. ಹೊರಡುವಾಗ ಇಖ್ಲಾಸ್ ಸಿತ್ತಾನಾಳ ಕೈ ಹಿಡಿದು, “ನನ್ನ ಮಕ್ಕಳ ಮಾನದ ಬಗ್ಗೆ ಯೋಚಿಸಿದ್ರಿ, ಖಾಲ್ತಿ,” ಎಂದಳು. ಸಿತ್ತಾನಾ ಕೈ ಬಿಡಿಸಿಕೊಂಡಳು.

ಆದರೂ ಸಿತ್ತಾನಾಳ ಹಂಡೆಯ ಮುಂದಿನ ಸಾಲು ಸಣ್ಣದಾಗುತ್ತ ಬಂತು. ಮಕ್ಕಳು ಬಟ್ಟಲು ಹಿಡಿದು ಮಾರುಕಟ್ಟೆಯತ್ತ ನಡೆಯುತ್ತಿದ್ದರು. ತಡೆಯಲಾರದೆ ಸಿತ್ತಾನಾ ತಾನೂ ಅಲ್ಲಿಗೆ ಹೋದಳು. ಇಖ್ಲಾಸ್ ಅಲ್ಲೂ ಒಲೆ ಹೂಡಿ, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಹಳೆಯ ರಟ್ಟು ಉರಿಸುತ್ತಿದ್ದಳು. ಸಿತ್ತಾನಾಳನ್ನು ಕಂಡವಳೇ ಜನರಿಗೆ, “ನಮಗೆ ಮೊದಲು ಅನ್ನ ಹಾಕಿದೋರು ಇವರೇ!” ಎಂದು ಕೂಗಿ ಬಟ್ಟಲು ಕೊಟ್ಟಳು. ಸಿತ್ತಾನಾ ತಪ್ಪು ಹುಡುಕುತ್ತ ಉಂಡಳು. ಉಪ್ಪು ಕೂಡ ಹದವಾಗಿತ್ತು.

“ನಿನ್ನ ಅಲ್ಲಿಂದ ಓಡಿಸಿದ್ದು ನಾನು,” ಎಂದಳು, ತಲೆ ಎತ್ತದೆ.

“ಗೊತ್ತು ಖಾಲ್ತಿ. ಬಸ್ ನಿಲ್ದಾಣದಲ್ಲಿ ಬೇರೆಯವರ ಪಕ್ಕದಲ್ಲೇ ಊಟದಂಗಡಿ ಇಟ್ಟೋಳು ನಾನು. ಹೊಟ್ಟೆಕಿಚ್ಚಿನ ಕಣ್ಣು ನಂಗೆ ಗುರ್ತಾಗಲ್ವಾ?” ಇಖ್ಲಾಸ್ ನಕ್ಕಳು. “ಆದ್ರೆ ಇಲ್ಲಿ ಪಾಯಿಖಾನೆಗೆ ಬಾಗಿಲಿದೆ, ಅದು ಸುಳ್ಳಲ್ಲ. ಬೈಯೋದಿದ್ರೆ ಆಮೇಲೆ ಬೈಕೊಳ್ಳೋಣ. ಈಗ ನಂಗೆ ಕಟ್ಟಿಗೆ ಇಲ್ಲ.”

ಮರುದಿನದಿಂದ ಸಿತ್ತಾನಾಳ ಗಂಡ ಅದ್ಲಾನ್ ಕತ್ತೆಗಾಡಿಯಲ್ಲಿ ಕಟ್ಟಿಗೆ ಒಯ್ಯತೊಡಗಿದ. ಇಖ್ಲಾಸಳ ಹೆಸರು ಬಂದರೆ ಸಿತ್ತಾನಾಳ ಮುಖ ಇಂದಿಗೂ ಗಂಟಾಗುತ್ತದೆ. ಗಾಡಿ ಹೊರಡುವಾಗ ಬಾಗಿಲವರೆಗೂ ಬಂದು ಗಂಡನಿಗೆ ಹೇಳುತ್ತಾಳೆ:

“ಸುಮ್ನೆ ಇಳಿಸಿ ಬರಬೇಡ. ಸಿತ್ತಾನಾ ಕಳಿಸಿದ್ದು ಅಂತ ಗಟ್ಟಿಯಾಗಿ ಹೇಳು. ಸಾಲಲ್ಲಿರೋರಿಗೆಲ್ಲ ಕೇಳಿಸ್ಬೇಕು.”